ಗೌರಿನ ಕರಿ

ನಾನು ಆಫೀಸಲ್ಲಿ ಬರೆಯೋ ಕೋಡ್ ಏನು ಕೆಲಸ ಮಾಡುತ್ತೆ ಅಂತ ಅಪ್ಪನಿಗೆ ವಿವರಿಸೋಕೆ ಹನ್ನೆರಡು ವರ್ಷದಿಂದ ಆಗಿಲ್ಲ. "ಒಂದು ಕಡೆ ಲೆಕ್ಕ ಇನ್ನೊಂದು ಕಡೆಗೆ ಸರಿಯಾಗಿ ಹೋಯ್ತಾ ಅಂತ ನೋಡ್ಕೋತೀನಿ" ಅಂದರೆ, "ಅಂದ್ರೆ ಗುಮಾಸ್ತ" ಅಂತಾನೆ. ತಪ್ಪೇನಿಲ್ಲ ಬಿಡಿ. ಅಂಥ ಅಪ್ಪ ಹೋದ ಮಳೆಗಾಲದಲ್ಲಿ ನನ್ನ ಕೋಡಿನಲ್ಲಿ ಒಂದು ಬಗ್ ಹಿಡಿದ. ಆಫೀಸಿನ ಕೋಡಿನಲ್ಲಲ್ಲ, ನಾನು ರಾತ್ರಿ ಹೊತ್ತು ಬರೆಯುವ ಆಟದ ಕೋಡಿನಲ್ಲಿ.

ಆಟ ಅಂದರೆ ಮಡ್. ಕೆಸರಲ್ಲ, ಮಲ್ಟಿ ಯೂಸರ್ ಡಂಜನ್. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಅನ್ನೋ ವಿದ್ಯಾರ್ಥಿ ಶುರು ಮಾಡಿದ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ಆಟ. ಚಿತ್ರ ಇಲ್ಲ, ಸದ್ದು ಇಲ್ಲ, ಬರೀ ಅಕ್ಷರ. ನೀವು ಎಲ್ಲಿದ್ದೀರಿ, ಎದುರಿಗೆ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ಆಟ ಹೇಳುತ್ತೆ. ನೀವು ಏನು ಮಾಡ್ತೀರಿ ಅಂತ ಟೈಪ್ ಮಾಡ್ತೀರಿ. ಬೇರೆ ಊರಲ್ಲಿ ಕೂತಿರೋ ಇನ್ನೊಬ್ಬನಿಗೂ ಅದು ಕಾಣುತ್ತೆ, ಅಷ್ಟೇ. ಇವತ್ತಿನ ಆನ್‌ಲೈನ್ ಗೇಮುಗಳಿಗೆಲ್ಲ ಇದು ತಾತ.

ನಮ್ಮ ಹಾಸ್ಟೆಲ್ ಗ್ಯಾಂಗ್ ಈಗ ಐದು ಜನ, ಐದು ಊರು. ಭಾನುವಾರ ರಾತ್ರಿ ವಿಡಿಯೋ ಕಾಲ್ ಮಾಡಿದರೆ ಹೋಮ್ ಲೋನ್ ಬಿಟ್ಟು ಬೇರೆ ಮಾತೇ ಬರ್ತಿರಲಿಲ್ಲ. ಹಾಗಾಗಿ ಒಂದು ಮಡ್ ಮಾಡಿದೆ. ಪೈಥಾನ್ ಬರುವವರಿಗೆ ಎವೆನ್ನಿಯಾ ಅಂತ ಒಂದು ಫ್ರೇಮ್‌ವರ್ಕ್ ಇದೆ, ಪುಕ್ಕಟೆ. ಡ್ರ್ಯಾಗನ್, ಕತ್ತಿ, ಮಂತ್ರ ಯಾವುದೂ ಬೇಡ ಅಂತ ಮಂಡ್ಯ ಕಡೆಯ ನಮ್ಮೂರನ್ನೇ ಇಟ್ಟೆ. ಅರಳಿಕಟ್ಟೆ, ಕಣ, ಬಾವಿ, ಸಂತೆ, ನಮ್ಮನೆ, ಹಿಂದೆ ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಒಂದು ಹಸು, ಹೆಸರು ಗೌರಿ. ಹೆಸರಿಡುವಾಗ ಏನೂ ಯೋಚನೆ ಮಾಡಲಿಲ್ಲ ಅಂದರೆ ಸುಳ್ಳಾಗುತ್ತೆ.

ನೋಡೋದು, ತಗೊಳ್ಳೋದು, ಕೊಡೋದು, ಮಾತಾಡೋದು, ಇಷ್ಟು ಕಮಾಂಡುಗಳು ಎವೆನ್ನಿಯಾದಲ್ಲಿ ಮೊದಲೇ ಇರ್ತವೆ, ಇಂಗ್ಲಿಷಲ್ಲಿ. ಬಾವಿಯಲ್ಲಿ ನೀರು ಸೇದೋದು, ಕಣದಲ್ಲಿ ರಾಗಿ ತೂರೋದು ಎಲ್ಲಿಂದ ಬರಬೇಕು? ನಾವೇ ಬರೀಬೇಕು. ಬರೆಯೋದು ಕಷ್ಟವೇನಲ್ಲ. ಒಂದು ಕಮಾಂಡ್ ಅಂದರೆ ಒಂದು ಪೈಥಾನ್ ಕ್ಲಾಸ್. ಅದಕ್ಕೊಂದು ಕೀ, ಅಂದರೆ ಆಟಗಾರ ಟೈಪ್ ಮಾಡುವ ಪದ. ಒಂದೆರಡು ಅಲಿಯಾಸ್, ಅಂದರೆ ಅಡ್ಡಹೆಸರು. ಆಮೇಲೆ ಫಂಕ್ ಅನ್ನೋ ಫಂಕ್ಷನ್, ಆ ಪದ ಟೈಪ್ ಮಾಡಿದಾಗ ಆಗಬೇಕಾದ್ದೆಲ್ಲ ಅದರೊಳಗೆ. ಕೊನೆಗೆ ಆ ಕ್ಲಾಸನ್ನ ಕಮಾಂಡ್ ಸೆಟ್ಟಿಗೆ ಸೇರಿಸಿ ರೀಲೋಡ್ ಅಂದರೆ ಆಯ್ತು, ಆಡ್ತಿರೋರು ಹೊರಗೆ ಬೀಳೋದೂ ಇಲ್ಲ. ಸೇರಿಸೋದನ್ನ ಮರೆತರೆ ಮಾತ್ರ ನೀವು ಎಷ್ಟು ಚೆನ್ನಾಗಿ ಬರೆದಿದ್ರೂ "ಅಂಥ ಕಮಾಂಡ್ ಇಲ್ಲ" ಅನ್ನುತ್ತೆ. ನಾನು ಮೊದಲ ದಿನ ಅರ್ಧ ಗಂಟೆ ಕಳೆದದ್ದು ಅಲ್ಲೇ.

ಕಷ್ಟ ಬಂದದ್ದು ಕನ್ನಡದಲ್ಲಿ. ಇಂಗ್ಲಿಷಲ್ಲಿ ಅಪ್ಪಣೆ ಕೊಡುವಾಗ ಕ್ರಿಯಾಪದ ಮೊದಲು: ಗೆಟ್ ಸ್ಟೋನ್. ಎವೆನ್ನಿಯಾ ಕೂಡ ಸಾಲಿನ ಶುರುವಿನಲ್ಲೇ ಕಮಾಂಡ್ ಹುಡುಕುತ್ತೆ. ನಾವು "ಸೇದು ನೀರು" ಅಂತೀವಾ? "ನೀರು ಸೇದು". ಕ್ರಿಯಾಪದ ಕೊನೆಗೆ. ಮೊದಲು ಗೆಳೆಯರಿಗೆ ಉಲ್ಟಾ ಟೈಪ್ ಮಾಡಿ ಅಂದೆ. ಎರಡೇ ದಿನಕ್ಕೆ ನಮ್ಮ ಮಾತೆಲ್ಲ ಕೆಟ್ಟ ಡಬ್ಬಿಂಗ್ ಸಿನಿಮಾ ಥರ ಆಯ್ತು. ಸಾಲು ಓದುವ ಪಾರ್ಸರನ್ನೇ ಸೆಟ್ಟಿಂಗ್ಸಲ್ಲಿ ಬದಲಾಯಿಸಬಹುದು ಅಂತ ಆಮೇಲೆ ಗೊತ್ತಾಯ್ತು. ಕೊನೆಯ ಪದವನ್ನ ಮೊದಲು ನೋಡುವ ಹಾಗೆ ನಂದೇ ಒಂದು ಬರೆದೆ. ಅದಾದ ಮೇಲೆ ಇನ್ನೊಂದು. ಕಣ್ಣಿಗೆ ಒಂದೇ ಥರ ಕಾಣುವ "ತಗೋ" ಯೂನಿಕೋಡಿನಲ್ಲಿ ಎರಡು ಥರ ಇರಬಹುದು, ಓಕಾರ ಒಂದೇ ತುಂಡಾಗಿ ಒಂದು, ಬಿಡಿ ತುಂಡುಗಳಾಗಿ ಇನ್ನೊಂದು. ನಾರ್ಮಲೈಸ್ ಮಾಡಿದರೆ ಸರಿಹೋಗುತ್ತೆ. ಆ ರಾತ್ರಿಯ ಬಗ್ಗೆ ಹೆಚ್ಚು ಹೇಳಲ್ಲ.

ಇಂಗ್ಲಿಷಿನ ಮಡ್ ಬರೆಯುವವರಿಗೆ ಇಲ್ಲದ ಇನ್ನೊಂದು ತಲೆನೋವು ನಮಗಿದೆ. ನಾನು ನೀರು ಸೇದಿದರೆ ನನಗೆ "ನೀವು ನೀರು ಸೇದಿದಿರಿ" ಅಂತ ಬರಬೇಕು, ಬಾವಿ ಹತ್ತಿರ ಇರುವ ಉಳಿದವರಿಗೆ ನಾನು ಸೇದಿದ್ದು ಕಾಣಬೇಕು. ಇಂಗ್ಲಿಷಲ್ಲಿ ಕೊನೆಗೊಂದು ಎಸ್ ಹಾಕಿದರೆ ಗಂಡು, ಹೆಣ್ಣು, ಚಿಕ್ಕವರು, ದೊಡ್ಡವರು ಎಲ್ಲರಿಗೂ ಆಗುತ್ತೆ. ನಾನು "ಸೇದಿದ" ಅಂತ ಬರೆದುಬಿಟ್ಟಿದ್ದೆ. ನಮ್ಮ ಗ್ಯಾಂಗಿನ ಒಬ್ಬಳೇ ಹುಡುಗಿ ಪುಣೆಯಿಂದ ಫೋನ್ ಮಾಡಿ ಬೈದಳು. ಸರಿ, ಪ್ರತಿ ಆಟಗಾರನಿಗೂ ಒಂದು ಗುಣ ಸೇರಿಸಿದೆ: ಅನು, ಅಳು, ಅರು. ಕಮಾಂಡ್ ಅದನ್ನ ನೋಡಿ ಸೇದಿದ, ಸೇದಿದಳು, ಸೇದಿದರು ಅನ್ನಬೇಕು.

ಇಷ್ಟು ಹೊತ್ತಿಗೆ ಅಪ್ಪ ಮೊಣಕಾಲು ಆಪರೇಷನ್ ಮಾಡಿಸಿಕೊಂಡು ನಮ್ಮ ಮನೇಲಿದ್ದ. ನಾಲ್ಕನೇ ಮಹಡಿ. ಇಳಿಯೋ ಹಾಗಿಲ್ಲ, ಟಿವಿ ನ್ಯೂಸಿಗೆ ಎರಡೇ ದಿನಕ್ಕೆ ಬೇಜಾರು. ಅವ್ವ ಊರಲ್ಲೇ ಉಳಿದಿದ್ಲು. ಒಂದು ರಾತ್ರಿ ನನ್ನ ಪಕ್ಕ ಬಂದು ಕೂತ.

"ಏನ್ಲಾ ಅದು, ಒಬ್ಬೊಬ್ನೇ ನಗಾಡ್ತೀಯ?"

ಓದಿ ಹೇಳಿದೆ. "ನೀವು ಕೊಟ್ಟಿಗೆಯಲ್ಲಿದ್ದೀರಿ. ಸಗಣಿ ಬಾಚಿದೆ. ಗೊಂತಿನ ಹತ್ತಿರ ಗೌರಿ ನಿಂತಿದ್ದಾಳೆ."

"ಯಾವ ಗೌರಿ?"

"ನಮ್ಮ ಗೌರಿನೇ ಅಪ್ಪ."

ಸುಮ್ಮನಾದ. ನಾನು ಬಿಇ ಮೂರನೇ ಸೆಮಿಸ್ಟರಲ್ಲಿದ್ದಾಗ ದಸರಾ ರಜಕ್ಕೆ ಊರಿಗೆ ಹೋದರೆ ಗೊಂತು ಖಾಲಿ ಇತ್ತು. ಫೀಸು ಅದರ ಹಿಂದಿನ ತಿಂಗಳೇ ಕಟ್ಟಿ ಆಗಿತ್ತು. ನಾನು ಕೇಳಲಿಲ್ಲ. ಅಪ್ಪ ಹೇಳಲಿಲ್ಲ. ಅವ್ವ ಮಾತ್ರ ಆ ಸಲ ಕಾಫಿಗೆ ಹಾಲು ಅಂಗಡಿಯದು ಅಂತ ಎರಡು ಸಲ ಹೇಳಿದ್ಲು.

ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಅಂದ, "ಗೌರಿನ ಕರಿ, ನೋಡವ."

ಅವನು ಹೇಳಿದ ಹಾಗೇ ಟೈಪ್ ಮಾಡಿದೆ. ಸ್ಕ್ರೀನ್ ಮೇಲೆ ಬಂತು: "ನೀವು ಗೌರಿಯ ಹಾಲು ಕರೆದಿರಿ. ಎರಡು ಲೀಟರ್ ಹಾಲು ಸಿಕ್ಕಿತು."

"ಹಾಲ್ ಯಾರ್ಲಾ ಕೇಳುದ್ರು? ಅವಳ್ನ ಕರಿ ಅಂದೆ."

ಹುಡುಕಿದೆ. ಗೆಳೆಯರನ್ನ ಒಂದು ಜಾಗದಿಂದ ಇನ್ನೊಂದಕ್ಕೆ ಕೂಗಿ ಕರೆಯೋಕೆ ಅಂತ ಮೊದಲೇ ಒಂದು ಕಮಾಂಡ್ ಬರೆದಿದ್ದೆ, ಕೀ "ಕರೆ". ಎರಡು ವಾರ ಬಿಟ್ಟು ಹಾಲು ಕರೆಯೋದು ಬರೆದೆ, ಅದರ ಕೀ ಕೂಡ "ಕರೆ". ಒಂದೇ ಸೆಟ್ಟಿಗೆ ಒಂದೇ ಕೀ ಇರುವ ಎರಡನ್ನ ಸೇರಿಸಿದರೆ ಎವೆನ್ನಿಯಾ ಜಗಳ ಆಡಲ್ಲ, ಎರರ್ ಕೊಡಲ್ಲ. ಹಿಂದಿನದರ ಜಾಗದಲ್ಲಿ ಹೊಸದನ್ನ ಕೂರಿಸಿ ಸುಮ್ಮನಾಗುತ್ತೆ. ಎರಡು ವಾರದಿಂದ ನಮ್ಮೂರಲ್ಲಿ ಯಾರೂ ಯಾರನ್ನೂ ಕರೆಯೋಕೆ ಆಗ್ತಿರಲಿಲ್ಲ, ನಮಗೆ ಗೊತ್ತೇ ಆಗಿರಲಿಲ್ಲ.

ಆ ರಾತ್ರಿನೇ ಎರಡನ್ನೂ ಒಂದು ಕ್ಲಾಸಿನೊಳಗೆ ತಂದೆ. ಹೆಸರಿನ ಕೊನೆಗೆ "ನ" ಅಥವಾ "ನ್ನು" ಇದ್ದರೆ ಕೂಗಿ ಕರೆಯೋದು. "ಹಾಲು" ಅನ್ನೋ ಪದ ಇದ್ದರೆ ಹಾಲು. ಬರೀ "ಹಸು ಕರಿ" ಅಂದರೆ? ಅಪ್ಪನ್ನೇ ಕೇಳಿದೆ. "ಚೊಂಬು ಕೈಲಿದ್ರೆ ಹಾಲು, ಇಲ್ದಿದ್ರೆ ಇಲ್ಲ" ಅಂದ. ಹಾಗೇ ಬರೆದೆ. ರೀಲೋಡ್ ಮಾಡಿ ಮತ್ತೆ ಕರೆದಾಗ "ಗೌರಿ ತಲೆ ಎತ್ತಿ ನಿಮ್ಮ ಕಡೆ ನೋಡಿದಳು" ಅಂತ ಬಂತು. ಇನ್ನೊಂದ್ಸಲ ಅಂದ. ಇನ್ನೊಂದ್ಸಲ ಕರೆದೆ.

ಮಾರನೇ ದಿನ ಅವನಿಗೇ ಒಂದು ಆಟಗಾರನ್ನ ಮಾಡಿಕೊಟ್ಟು ಫೋನಿನ ಬ್ರೌಸರಲ್ಲಿ ತೆಗೆದುಕೊಟ್ಟೆ. ಟೈಪ್ ಮಾಡೋದು ಬೇಡ, ಮೈಕ್ ಒತ್ತಿ ಮಾತಾಡಿದರೆ ಕೀಬೋರ್ಡೇ ಕನ್ನಡದಲ್ಲಿ ಬರೆಯುತ್ತೆ. ಗುಣ "ಅರು" ಅಂತ ಇಟ್ಟಿದ್ದೆ. "ಅಪ್ಪ ನೀರು ಸೇದಿದರು" ಅಂತ ನನ್ನ ಸ್ಕ್ರೀನಲ್ಲಿ ಬಂದಿದ್ದನ್ನ ನೋಡಿ ನಕ್ಕ. "ನಮ್ ಬಾವೀಲಿ ನಾನ್ಯಾವಾಗ್ಲಾ ಸೇದಿದರು ಆಗಿದ್ದು? ಸೇದ್ದ ಅನ್ನು." ನಾನು ಬದಲಾಯಿಸಲಿಲ್ಲ. ಮನೇಲಿ ಏಕವಚನ ಸರಿ. ನನ್ನ ಗೆಳೆಯರ ಸ್ಕ್ರೀನಲ್ಲಿ ಅಪ್ಪ "ಸೇದಿದರು" ಆಗೇ ಇರಲಿ ಅನ್ನಿಸ್ತು.

ಆಮೇಲೆ ದಿನಕ್ಕೆ ನಾಲ್ಕು ಬಗ್ ರಿಪೋರ್ಟ್. ನಮ್ಮ ಟೀಮಿನ ಟೆಸ್ಟರುಗಳು ಇಷ್ಟು ಚೆನ್ನಾಗಿ ಬರೆಯಲ್ಲ. ಮೊದಲು ಕರು ಬಿಡದೆ ಹಾಲು ಹೆಂಗೆ ಇಳಿಸ್ತಾಳೆ? ಬೆಳಿಗ್ಗೆ ಕರೆದವನು ಮಧ್ಯಾಹ್ನ ಮತ್ತೆ ಕರೆದರೆ ಎರಡು ಲೀಟರ್ ಎಲ್ಲಿಂದ ಬರುತ್ತೆ? (ನಮ್ಮವನೊಬ್ಬ ಒಂದೇ ರಾತ್ರಿ ನಲವತ್ತು ಸಲ ಕರೆದು ಸಂತೆಯಲ್ಲಿ ಹಾಲು ಮಾರಿಕೊಂಡಿದ್ದ.) ಅವ್ವ ಬಿಟ್ಟು ಬೇರೆ ಯಾರು ಕೂತರೂ ಒದೀತಿದ್ಲಲ್ಲ, ಅದು ಎಲ್ಲೈತೆ? ಎಲ್ಲ ಬರೆದೆ. ಭಾನುವಾರ ರಾತ್ರಿ ಹೈದರಾಬಾದಿನ ಗೆಳೆಯ ಮೆಸೇಜ್ ಹಾಕಿದ, "ಗುರೂ, ಹಸು ಒದೀತಾ ಇದೆ, ಬಗ್ ಇದೆ ನೋಡು." ಬಗ್ ಅಲ್ಲ ಅಂತ ಉತ್ತರ ಹಾಕಿದೆ.

ಊರಿಗೆ ಹೊರಡುವ ಹಿಂದಿನ ರಾತ್ರಿ ಅಪ್ಪ ಕೇಳಿದ, "ಸಂತೇಲಿ ಏನ್ ಬೇಕಾದ್ರೂ ಮಾರ್ಬೋದಾ?"

"ಹೂಂ. ಗೌರಿ ಬಿಟ್ಟು."

ಎವೆನ್ನಿಯಾದಲ್ಲಿ ಯಾವ ವಸ್ತುವಿನ ಮೇಲಾದ್ರೂ ಲಾಕ್ ಹಾಕಬಹುದು. ಯಾರು ಎತ್ತಬಹುದು, ಯಾರು ನೋಡಬಹುದು, ಹೀಗೆ. ಮಾರೋ ಕಮಾಂಡ್ ಬರೆದ ದಿನವೇ ಗೌರಿ ಮೇಲೆ ಒಂದು ಹಾಕಿದ್ದೆ. ಒಂದೇ ಸಾಲು. ಅಡ್ಮಿನ್ ಆದ ನಾನೂ ಮಾರೋಕಾಗದ ಹಾಗೆ ಕಮಾಂಡಿನೊಳಗೂ ಇನ್ನೊಂದು ಸಾಲು.

ಅಪ್ಪ ಮಂಡಿ ನೀವಿಕೊಳ್ತಾ ಕೂತಿದ್ದ. "ಎಂಟು ಸಾವಿರದ ಇನ್ನೂರಕ್ಕೆ ಹೋದ್ಲು" ಅಂದ. "ಒಂಬತ್ತು ಕೇಳಿದ್ದೆ." ಆಮೇಲೆ ದೀಪ ಆರಿಸು ಅಂತ ಹೇಳಿ ಮಲಗಿದ.

ಈಗ ಊರಿಂದ ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳಿದ ಮೇಲೆ, "ಹುಲ್ಲಾಕೋದು ಬರುದ್ಯೇನ್ಲಾ?" ಅಂತಾನೆ. ಇನ್ನೂ ಬರೆದಿಲ್ಲ. ಬಣವೆಯಿಂದ ಹುಲ್ಲು ಹಿರಿಯಬೇಕು, ಕಟ್ಟಬೇಕು, ಹೊರಬೇಕು, ಆಮೇಲೆ ಗೊಂತಿಗೆ ಹಾಕಬೇಕು. ನಾಲ್ಕು ಕಮಾಂಡ್ ಆಗುತ್ತೆ. ಈ ಶನಿವಾರ ಕೂರಬೇಕು.