ಹಳ್ಳದ ಗೋಡೆಯ ಮೇಲೊಂದು ಚರಿತ್ರೆ

ಲಾಸ್ ಏಂಜಲೀಸ್ ನಗರಕ್ಕೆ ಸೇರಿದ ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ ಟುಹಂಗ ಎಂಬ ಹಳ್ಳವೊಂದಿದೆ. ಪ್ರವಾಹಭಯದಿಂದ ಅದನ್ನು ಕಾಂಕ್ರೀಟಿನ ಕಾಲುವೆಯೊಳಗೆ ಕಟ್ಟಿಹಾಕಿದ್ದಾರೆ. ದಂಡೆಯ ಮೇಲೆ ನಿಂತವರಿಗೆ ಎದುರು ಗೋಡೆಯುದ್ದಕ್ಕೂ ಅರ್ಧ ಮೈಲಿಯ ವರ್ಣಚಿತ್ರ ಕಾಣುತ್ತದೆ.

ಕಲಾವಿದೆ ಜೂಡಿತ್ ಬಾಕಾ 1976ರಲ್ಲಿ ಇದನ್ನು ಬರೆಯಿಸತೊಡಗಿದಾಗ, ಮೊದಲ ತಂಡದ 80 ಮಂದಿ ಎಳೆಯರು ಕಾನೂನಿನ ಕೈಗೆ ಸಿಕ್ಕಿದ್ದವರು. ಸೆರೆಯ ಗೋಡೆಯನ್ನು ಕಾಣಬಹುದಾಗಿದ್ದವರಿಗೆ ಈ ಗೋಡೆ ದೊರೆಯಿತು! ಮಳೆಗಾಲದಲ್ಲಿ ನೀರು ನುಗ್ಗುವುದರಿಂದ ಬೇಸಗೆಯಲ್ಲಷ್ಟೇ ಕೆಲಸ.

ರೈಲುಹಾದಿ ಹಾಸಿದ ಚೀನೀಯರು, ಅಲ್ಲಿಯೇ ಹುಟ್ಟಿದ್ದರೂ 1930ರ ದಶಕದಲ್ಲಿ ಗಡಿಯಾಚೆಗೆ ಅಟ್ಟಲ್ಪಟ್ಟ ಮೆಕ್ಸಿಕನ್ ಸಂಸಾರಗಳು, 1942ರಲ್ಲಿ ಶಿಬಿರಗಳಿಗೆ ದೂಡಲ್ಪಟ್ಟ ಜಪಾನೀಯರು—ಪಠ್ಯಪುಸ್ತಕ ಮರೆತ ವಲಸೆಗಾರರೆಲ್ಲ 13 ಅಡಿ ಎತ್ತರಕ್ಕೆ ಎದ್ದುನಿಂತಿದ್ದಾರೆ. ಕುಂಚ ಹಿಡಿದ 400ಕ್ಕೂ ಮಿಕ್ಕ ಎಳೆಯರಲ್ಲಿ ಅಂಥ ಮನೆಗಳ ಮಕ್ಕಳೂ ಇದ್ದರು. 1983ರಲ್ಲಿ ಕೆಲಸ ನಿಂತಾಗ ಕಥೆ 1950ರ ದಶಕವನ್ನು ಮುಟ್ಟಿತ್ತು. ಮುಂದಿನ ದಶಕಗಳನ್ನು ಬರೆಯುವ ಕಾರ್ಯವನ್ನು ಈಚೆಗೆ ಮತ್ತೆ ಕೈಗೆತ್ತಿಕೊಂಡಿದ್ದಾರೆ.