ತಮಟೆ ಕಾಯಿಸುವ ಹೊತ್ತು

ಕೋಲಾರ ಸೀಮೆಯ ಒಂದು ಹಳ್ಳಿ. ಎಂಬತ್ತರ ದಶಕದ ಆರಂಭ. ಊರು ಮುಗಿದು ಕೇರಿ ಶುರುವಾಗುವಲ್ಲಿ ನೀವು ನಿಂತಿದ್ದೀರಿ. ಕೂಲಿಯಿಂದ ಬಂದವರು ಮುದ್ದೆ ಉಂಡು ಹೊರಗೆ ಕೂತಿದ್ದಾರೆ. ಹುಡುಗನೊಬ್ಬ ಹಿಡಿ ಒಣಹುಲ್ಲಿಗೆ ಬೆಂಕಿ ಹಚ್ಚಿ, ಉರಿಯ ಮೇಲೆ ತಮಟೆ ತಿರುಗಿಸುತ್ತಿದ್ದಾನೆ. ಚರ್ಮ ಬಿಗಿಯಾಗಬೇಕು. ಬೆರಳಿಂದ ತಟ್ಟಿ, ಕಿವಿಗೊಟ್ಟು, ಮತ್ತೆ ಉರಿಗೆ ಹಿಡಿಯುತ್ತಾನೆ. ಆಮೇಲೆ ಹೆಗಲಿಗೇರಿಸಿ ಒಂದು ಪೆಟ್ಟು. ನಾಯಿಗಳು ಎದ್ದು ಬೊಗಳುತ್ತವೆ.

ಗುಡಿಸಲಿಂದ ಮುದುಕಿಯೊಬ್ಬಳು ತಲೆ ಹೊರಹಾಕುತ್ತಾಳೆ.

“ಯಾರ್ಲಾ ಸತ್ತೋರು?”

“ಯಾರೂ ಸತ್ತಿಲ್ಲ ಕಣಜ್ಜಿ. ಸಂಘದೋರು ಬಂದವ್ರೆ, ಹಾಡ್ತಾರೆ. ಬಾ.”

ಅವಳು ಕೇಳಿದ್ದು ಸಹಜ. ಈ ತಮಟೆ ಇಷ್ಟು ಕಾಲ ಬಡಿದದ್ದು ಊರವರ ಹೆಣದ ಮುಂದೆ, ಊರದೇವರ ಜಾತ್ರೆಯಲ್ಲಿ, ಡಂಗುರ ಸಾರುವಾಗ. ಅದು ಕೇರಿಯ ತಲೆಗೆ ಕಟ್ಟಿದ ಬಿಟ್ಟಿ ಚಾಕರಿ. ಈ ರಾತ್ರಿ ಅದು ಕೇರಿಯವರಿಗಾಗಿಯೇ ದನಿ ತೆಗೆದಿದೆ.

ಸಂಘ ಎಂದರೆ ದಲಿತ ಸಂಘರ್ಷ ಸಮಿತಿ. ಎಪ್ಪತ್ತರ ದಶಕದಲ್ಲಿ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳ್ತನದಲ್ಲಿ ಹುಟ್ಟಿ ಹಳ್ಳಿಹಳ್ಳಿಗೂ ಹಬ್ಬಿದ ಸಂಘಟನೆ. ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ಅಂಬೇಡ್ಕರ್ ಫೋಟೊ. ಸೈಕಲ್ಲಿನಲ್ಲಿ ಬಂದ ಯುವಕ ಕಣ್ಣುಮುಚ್ಚಿ ಎತ್ತಿಕೊಂಡದ್ದು ಸಿದ್ಧಲಿಂಗಯ್ಯನವರ ಹಾಡು. 1975ರಲ್ಲಿ ಅವರ ಕವನ ಸಂಕಲನ ‘ಹೊಲೆಮಾದಿಗರ ಹಾಡು’ ಬಂದಾಗ ಕವಿಗೆ ಇಪ್ಪತ್ತೊಂದರ ಆಸುಪಾಸು. ಇಲ್ಲಿ ಆ ಪುಸ್ತಕ ಕಂಡವರು ಯಾರೂ ಇಲ್ಲ. ಹಾಡು ಮಾತ್ರ ಬಾಯಿಂದ ಬಾಯಿಗೆ ನಡೆದು ಬಂದಿದೆ.

ಮೊದಲ ಸೊಲ್ಲು ಹೊರಟಾಗ ಕೇರಿ ಸುಮ್ಮನಿದೆ. ಎರಡನೆಯದಕ್ಕೆ ಮಕ್ಕಳು ದನಿಗೂಡಿಸುತ್ತಾರೆ. ನಾಲ್ಕನೆಯದಕ್ಕೆ ನಿಮ್ಮ ಪಕ್ಕದ ಆಳಿನ ತುಟಿ ಅಲುಗುತ್ತದೆ. ಅವನು ಜೀತದಲ್ಲಿದ್ದವನು. 1976ರಲ್ಲೇ ಜೀತ ನಿಷೇಧದ ಕಾಯ್ದೆ ಬಂದಿದೆಯೆಂದು ಅವನಿಗೆ ಯಾರೂ ಹೇಳಿಲ್ಲ. ಧಣಿಯ ಮುಂದೆ ತಲೆಯೆತ್ತಿ ಒಂದು ಮಾತಾಡಿದವನಲ್ಲ. ಈಗ ಪಲ್ಲವಿ ಬಂದಾಗ ಅವನ ದನಿ ಎಲ್ಲರಿಗಿಂತ ಜೋರು. ನಿಮ್ಮ ಮೈ ಜುಮ್ಮೆನ್ನುತ್ತದೆ.

ಭಾಷಣಕ್ಕೆ ಇದು ಸಾಧ್ಯವಿರಲಿಲ್ಲ ಎಂದೇ ನನ್ನ ನಂಬಿಕೆ. ಭಾಷಣ ಕೇಳುವವನನ್ನು ಕೇಳುಗನಾಗಿಯೇ ಉಳಿಸುತ್ತದೆ. ಸೊಲ್ಲಿಗೆ ಸೊಲ್ಲು ಕೊಡಲೇಬೇಕಾದ ಹಾಡು ಅವನ ಬಾಯಿ ಬಿಡಿಸುತ್ತದೆ. ನಲವತ್ತು ದನಿಗಳ ನಡುವೆ ಹೆದರಿಕೆಗೆ ಜಾಗ ಸಾಲುವುದಿಲ್ಲ.

ಬೆಳಗ್ಗೆ ಮೆರವಣಿಗೆ ತಾಲ್ಲೂಕು ಕಚೇರಿಗೆ ಹೊರಡುತ್ತದೆ. ಕೈಯಲ್ಲಿ ಅರ್ಜಿಗಳು. ಸರ್ಕಾರ ಕೊಟ್ಟ ಜಮೀನು ಪರಭಾರೆಯಾದರೆ ಮರಳಿ ಕೊಡಿಸುವ 1978ರ ಕಾಯ್ದೆಯ ಹೆಸರು ಅವುಗಳಲ್ಲಿದೆ. ದಾರಿ ಊರ ನಡುವಿನದು. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ ಬೀದಿಯಲ್ಲಿ ಇಂದು ಚಪ್ಪಲಿ ಕಾಲಲ್ಲಿದೆ. ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಾರೆ, ಒಬ್ಬ ಬಯ್ಯುತ್ತಾನೆ. ಮುಂದಿನ ಸಾಲಿನ ಹೆಂಗಸರು ಹಾಡು ನಿಲ್ಲಿಸುವುದಿಲ್ಲ. ಯಾರೂ ಕಲ್ಲೆತ್ತುವುದಿಲ್ಲ, ಬೈಗುಳಕ್ಕೆ ಬೈಗುಳವಿಲ್ಲ. ತಮಟೆಯ ಗತಿ ಮಾತ್ರ ಒಂದಿಷ್ಟು ಏರುತ್ತದೆ. ಅಜ್ಜಿಯೂ ನಡೆಯುತ್ತಿದ್ದಾಳೆ, ಪದ ತಪ್ಪಿದರೂ ತಾಳ ತಪ್ಪುತ್ತಿಲ್ಲ.

ಸಿದ್ಧಲಿಂಗಯ್ಯ 2021ರ ಜೂನ್ 11ರಂದು ತೀರಿಕೊಂಡರು. ಅವರ ಪದಗಳು ಅಚ್ಚಿನಲ್ಲಿವೆ. ಆದರೆ ಅವಕ್ಕೆ ಕೇರಿಗಳಲ್ಲಿ ಮಟ್ಟು ಕೂಡಿಸಿದವರು, ತಾವೇ ಪದ ಕಟ್ಟಿ ಸೇರಿಸಿದವರು ಎಷ್ಟೋ ಜನ ಎಲ್ಲೂ ದಾಖಲಾಗಿಲ್ಲ. ನಿಮ್ಮೂರಿನಲ್ಲಿ ಅಂದು ಹಾಡಿದವರಿದ್ದರೆ ಹೋಗಿ ಹಾಡಿಸಿ, ಮೊಬೈಲಿನಲ್ಲಿ ಹಿಡಿದಿಡಿ, ಅವರ ಹೆಸರು ಬರೆದುಕೊಳ್ಳಿ.