ಹಳೆಯ ಲೆಕ್ಕ ಓದುವವರಿಗೆ ಯಾರ ನೆರವು?

ಕರಾವಳಿಯ ನಮ್ಮ ಮನೆಗಳಲ್ಲಿ ವ್ಯಾಪಾರದ ಮಾತಿಗೆ ಎಂದೂ ಬರವಿರಲಿಲ್ಲ. ಅಜ್ಜಂದಿರು ಯಾವ ಬಂದರಿಗೆ ಏನು ಸಾಗಿಸಿದರು, ಯಾರಿಗೆ ಸಾಲ ಕೊಟ್ಟು ಕೈಸುಟ್ಟುಕೊಂಡರು ಎಂಬುದನ್ನು ಕೇಳುತ್ತಲೇ ನಾವು ಬೆಳೆದೆವು. ಆದರೆ ನಮ್ಮಲ್ಲೊಬ್ಬ ಹುಡುಗಿಯೋ ಹುಡುಗನೋ ಈ ವ್ಯಾಪಾರದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತೇನೆಂದರೆ ಮನೆಯವರು ಮೊದಲು ಕೇಳುವುದು: ‘ಐದು ವರ್ಷ ಹೊಟ್ಟೆಗೇನು?’ ಆ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಾರೆವು.

ಆರ್ಥಿಕ ಚರಿತ್ರೆಯ ಕಷ್ಟವೆಂದರೆ ಅದರ ದಾಖಲೆಗಳು ಊರಲ್ಲಿರುವುದಿಲ್ಲ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿದ್ದ. ಏಡನ್ನಿನ ಗೆಳೆಯರಿಗೆ ಕರಿಮೆಣಸು, ಕಬ್ಬಿಣ ಕಳಿಸುತ್ತಿದ್ದ. ಅವನ ಕಾಗದಪತ್ರಗಳು ಉಳಿದದ್ದು ಕೈರೋದ ಹಳೆಯ ಸಿನೆಗಾಗ್ ಒಂದರ ಕೋಣೆಯಲ್ಲಿ. ಆ ಕೋಣೆಯ ಬಹುಪಾಲು ಹಾಳೆಗಳು 1897ರಲ್ಲಿ ಕೇಂಬ್ರಿಜ್ ಸೇರಿದವು. ಅವನ್ನು ಓದಲು ಹೀಬ್ರೂ ಲಿಪಿಯಲ್ಲಿ ಬರೆದ ಅರಬಿ ಬರಬೇಕು. ಮಂಗಳೂರಿನ ವ್ಯಾಪಾರವನ್ನು ಅರಿಯಲು ಇಷ್ಟು ದೂರ ಹೋಗಬೇಕು; ಅದಕ್ಕೆ ಕಾಲ ಬೇಕು, ಖರ್ಚಿಗೆ ಹಣ ಬೇಕು.

1978ರಲ್ಲಿ ಆಕ್ಸ್‌ಫರ್ಡ್‌ನ ಗ್ರಂಥಾಲಯವೊಂದರಲ್ಲಿ ಅಮಿತಾವ್ ಘೋಷ್ ಕಣ್ಣಿಗೆ ಈ ಪತ್ರಗಳ ಅನುವಾದ ಬಿತ್ತು. ಅದರಲ್ಲಿ ಬೆನ್ ಯಿಜುವಿನ ಗುಲಾಮನೊಬ್ಬನ ಪ್ರಸ್ತಾಪವಿತ್ತು. ಘೋಷ್ ಆಗ 22ರ ವಿದ್ಯಾರ್ಥಿ. ವಿದೇಶದಲ್ಲಿ ನೆಲೆಸಿದ ಭಾರತೀಯ ಕುಟುಂಬವೊಂದರ ಪ್ರತಿಷ್ಠಾನದ ವಿದ್ಯಾರ್ಥಿವೇತನ ಪಡೆದವರು. 1980ರಲ್ಲಿ ಸಂಶೋಧನೆಗೆಂದು ಈಜಿಪ್ಟಿನ ಹಳ್ಳಿಗೆ ಹೋದರು. ಅಲ್ಲಿ ಕಲಿತ ಅರಬಿ ಮುಂದೆ ಆ ಪತ್ರಗಳನ್ನು ಓದಲು ನೆರವಾಯಿತು. ಮಂಗಳೂರಿನ ಬಿ.ಎ. ವಿವೇಕ ರೈ ಅವರ ನೆರವಿನಿಂದ ಆ ಗುಲಾಮನ ಹೆಸರು ‘ಬೊಮ್ಮ’ ಎಂದು ಗುರುತಿಸಿದರು. ‘ಇನ್ ಆನ್ ಆಂಟಿಕ್ ಲ್ಯಾಂಡ್’ ಹೊರಬಂದದ್ದು 1992ರಲ್ಲಿ. ಹಣ ಕೊಟ್ಟವರಿಗೆ ಬೊಮ್ಮ ಯಾರೆಂದೇ ತಿಳಿದಿರಲಿಲ್ಲ. ವಿದ್ಯಾರ್ಥಿವೇತನದ ಫಲ ಹೀಗೆಯೇ, ಕೊಟ್ಟವರು ಎಣಿಸದ ಕಡೆ ಬಿಡುತ್ತದೆ.

ನಮ್ಮ ದೇಶದಲ್ಲಿ ಅಲ್ಪಸಂಖ್ಯಾತ ಸಂಶೋಧಕರಿಗಾಗಿ 2009ರಲ್ಲಿ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಬಂತು. ಇತರ ಯೋಜನೆಗಳೊಂದಿಗೆ ಇದು ಪುನರಾವರ್ತನೆಯಾಗುತ್ತದೆಂದು ಹೇಳಿ, 2022–23ರಿಂದ ನಿಲ್ಲಿಸಿರುವುದಾಗಿ ಸರಕಾರ 2022ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು. ಬೇರೆ ಬಾಗಿಲುಗಳಿವೆ ಎಂಬುದು ನಿಜ. ಯುಜಿಸಿಯ ಜೂನಿಯರ್ ಫೆಲೋಶಿಪ್ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದೆ. ಆದರೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡವರಿಗೆ ಒಂದು ಬಾಗಿಲು ಮುಚ್ಚಿದರೂ ಅದು ದೊಡ್ಡ ನಷ್ಟವೇ.

ಸರಕಾರವನ್ನು ಕೇಳುವುದು ನಮ್ಮ ಹಕ್ಕು, ಕೇಳುತ್ತಲೇ ಇರೋಣ. ಜೊತೆಗೆ ನಮ್ಮ ಕೈಯನ್ನೂ ನೋಡಿಕೊಳ್ಳೋಣ. ವೈದ್ಯಕೀಯ, ಇಂಜಿನಿಯರಿಂಗ್ ಸೀಟಿಗೆ ನೆರವಾಗುವ ಉಳ್ಳವರು ನಮ್ಮಲ್ಲಿದ್ದಾರೆ, ಅದು ಒಳ್ಳೆಯದೇ. ಆದರೆ ಹತ್ತು ಮಂದಿಗೆ ಕೊಡುವಾಗ ಒಬ್ಬ ಚರಿತ್ರೆಯ ವಿದ್ಯಾರ್ಥಿಗೂ ಕೊಡಬಾರದೇ? ಅದೂ ಆಗದವರು ಅಟ್ಟದ ಮೇಲಿನ ಹಳೆಯ ಲೆಕ್ಕದ ಪುಸ್ತಕಗಳನ್ನು ಗುಜರಿಗೆ ಹಾಕದಿದ್ದರೆ ಸಾಕು. ನಾಳೆ ಅವನ್ನು ಓದಬಲ್ಲವರು ಬಂದಾಗ ಕೊಡಲು ಏನಾದರೂ ಉಳಿದಿರಲಿ.